ಶ್ರೀಧರ್ ಮಧ್ಯಾಹ್ನದ ಊಟ ಬಿಟ್ಟಿದ್ದು

2009ರಲ್ಲಿ ನಾನು ಡೆಟ್ರಾಯ್ಟ್ ಪಕ್ಕದ ಲಿವೋನಿಯಾದಲ್ಲಿ ಫಂಕ್ಷನಲ್ ಮೆಡಿಸಿನ್ ವೈದ್ಯೆಯಾಗಿದ್ದೆ. ಅದಕ್ಕೂ ಮೊದಲು ಹಲವು ವರ್ಷ ಆಸ್ಪತ್ರೆಯಲ್ಲಿ ದುಡಿದವಳು. ಎರಡಕ್ಕೂ ವ್ಯತ್ಯಾಸವೇನೆಂದು ಕೇಳಿದವರಿಗೆ, ಅಲ್ಲಿ ಯಾವ ರೋಗವೆಂದು ಗುರುತಿಸಿ ಔಷಧಿ ಕೊಡುತ್ತಾರೆ, ಇಲ್ಲಿ ಅದು ಏಕೆ ಬಂತೆಂದು ಊಟ, ನಿದ್ದೆ, ಕೆಲಸ, ಚಿಂತೆಗಳಲ್ಲಿ ಹುಡುಕುತ್ತೇವೆ ಎನ್ನುತ್ತಿದ್ದೆ. ಮೊದಲ ಭೇಟಿಗೇ ಒಂದು ಗಂಟೆ ಹಿಡಿಯುತ್ತಿತ್ತು.

ಆ ಚಳಿಗಾಲದಲ್ಲಿ ಹತ್ತಿರದ ಟ್ರಾಯ್ ಪಟ್ಟಣದಿಂದ ಶ್ರೀಧರ್ ಬಂದರು. ಮೈಸೂರಿನವರು, ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಮ್ಯಾನೇಜರ್. ಎದೆಯುರಿ, ತಲೆನೋವು, ವಿಪರೀತ ಸುಸ್ತು.

"ಮಾತ್ರೆ ನುಂಗಿ ಸಾಕಾಗಿದೆ ಡಾಕ್ಟ್ರೇ. ನೀವು ಡಯಟ್‌ನಲ್ಲೇ ಸರಿ ಮಾಡ್ತೀರಂತೆ."

"ಮಧ್ಯಾಹ್ನ ಏನು ತಿಂತೀರಿ?"

ಅವರು ಕೈಗವಸು ಕಳಚಿ ತೊಡೆಯ ಮೇಲಿಟ್ಟುಕೊಂಡರು. "ಮೊದಲು ಇಮ್ತಿಯಾಜ್ ಜೊತೆ ತಿಂತಿದ್ದೆ. ಧಾರವಾಡದವನು, ನಮ್ಮ ಟೀಮ್‌ನವನೇ. ಅವನನ್ನ ಲೇಆಫ್ ಮಾಡಿದ್ದು ನಾನೇ."

ತಂಡದಿಂದ ಇಬ್ಬರನ್ನು ತೆಗೆಯಿರಿ ಎಂದು ಮೇಲಿನವರು ಹೇಳಿದ್ದರು. ಸ್ನೇಹಿತನನ್ನು ಉಳಿಸಿಕೊಂಡರೆಂಬ ಮಾತು ಬರಬಾರದೆಂದು ಶ್ರೀಧರ್ ಅವನ ಹೆಸರನ್ನೇ ಮೊದಲು ಕೊಟ್ಟಿದ್ದರು. ಅಂದಿನಿಂದ ಲಂಚ್‌ರೂಮಿಗೆ ಕಾಲಿಟ್ಟಿರಲಿಲ್ಲ. ಬರೀ ಕಾಫಿ. ತಲೆನೋವು ಬಂದರೆ ಖಾಲಿ ಹೊಟ್ಟೆಗೇ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ, ಅದೂ ದಿನಾ. ಅಂಗಡಿಯಲ್ಲಿ ಸಿಗುವ ಮಾತ್ರೆ ತಾನೇ ಎಂದು ತಮ್ಮ ಡಾಕ್ಟರಿಗೆ ಹೇಳಿರಲೇ ಇಲ್ಲ.

"ಮಲ ಕಪ್ಪಗೆ ಹೋಗ್ತಿದೆಯಾ?"

"ಹೂಂ, ಕೆಲವು ದಿನದಿಂದ."

ಅಂದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಡಯಟ್ ಮಾತು ಅಲ್ಲಿಗೇ ನಿಂತಿತು. ಈಗಲೇ ಆಸ್ಪತ್ರೆಗೆ ಹೋಗಬೇಕು ಎಂದೆ. ಅವರು ಕದಲಲಿಲ್ಲ.

"ನನಗೆ ಆಗ್ಬೇಕಾದ್ದೇ ಬಿಡಿ. ಅವನ ಮನೆಯಲ್ಲಿ ಇಬ್ಬರು ಮಕ್ಕಳಿದಾರೆ."

"ಶಿಕ್ಷೆ ಆಮೇಲೆ ನೋಡ್ಕೊಳ್ಳೋಣ. ಏಳಿ," ಎಂದು ಆಂಬುಲೆನ್ಸ್ ಕರೆಸಿದೆ.

ಎಂಡೋಸ್ಕೋಪಿಯಲ್ಲಿ, ಅಂದರೆ ಬಾಯಿಯ ಮೂಲಕ ಕ್ಯಾಮೆರಾ ಇಳಿಸಿ ನೋಡಿದಾಗ, ಜಠರದಲ್ಲಿ ಆ ನೋವಿನ ಮಾತ್ರೆಯಿಂದಾದ ಆಳವಾದ ಹುಣ್ಣು ಕಂಡಿತು. ಅಲ್ಲಿಯೇ ರಕ್ತ ನಿಲ್ಲಿಸಿ, ಹೊರಗಿನಿಂದ ರಕ್ತ ಕೊಟ್ಟರು.

ಮರುದಿನ ನಾನು ನೋಡಲು ಹೋದಾಗ, ಹಳೆಯ ಟೀಮ್‌ನವರಿಂದ ಸುದ್ದಿ ತಿಳಿದು ಬಂದ ಇಮ್ತಿಯಾಜ್ ಬಾಗಿಲಲ್ಲಿ ನಿಂತಿದ್ದ. ಶ್ರೀಧರ್ ಮುಖ ಗೋಡೆಗೆ ತಿರುಗಿಸಿದರು.

"ನಿನ್ನ ಹೆಸರು ಕೊಟ್ಟಿದ್ದು ನಾನೇ ಕಣೋ."

"ಗೊತ್ತೈತಿ. ಸಿಟ್ಟೂ ಐತಿ," ಎಂದ ಇಮ್ತಿಯಾಜ್, ಕುರ್ಚಿ ಎಳೆದುಕೊಳ್ಳುತ್ತ. "ಆದ್ರ ನೀ ಸತ್ರ ನಾ ಯಾರ ಮ್ಯಾಲೆ ಸಿಟ್ಟು ಮಾಡ್ಲಿ?"

ಶ್ರೀಧರ್ ಅತ್ತರು. ಅವನು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಇಮ್ತಿಯಾಜ್‌ಗೆ ಶಿಕಾಗೋದಲ್ಲಿ ಕೆಲಸ ಸಿಕ್ಕಿತು. ಸಾಮಾನಿನ ಟ್ರಕ್ ಓಡಿಸಿಕೊಂಡು ಹೋದವರು ಶ್ರೀಧರ್.

ನನ್ನ ಒಂದು ಗಂಟೆಯ ಪ್ರಶ್ನೆಗಳು ಕಾರಣವನ್ನು ಹೊರಗೆಳೆದವು. ಜೀವ ಉಳಿಸಿದ್ದು ಆಸ್ಪತ್ರೆ. ಇವೆರಡರಲ್ಲಿ ಯಾವುದು ಮೇಲು ಎಂದು ವಾದಿಸುವುದನ್ನು ನಾನು ಆಮೇಲೆ ಬಿಟ್ಟೆ. ಆ ಅಪರಾಧಭಾವಕ್ಕೆ ಮಾತ್ರ ನನ್ನ ಬಳಿಯೂ ಆಸ್ಪತ್ರೆಯ ಬಳಿಯೂ ಮದ್ದಿರಲಿಲ್ಲ. ಅದನ್ನು ಕೇಳಿಸಿಕೊಳ್ಳಬೇಕಾದವನು ಬಂದು ಕೂತ, ಅಷ್ಟೇ.