ಎಸ್ಟೋನಿಯಾದ ಮುದುಕಿಗೊಂದು ಕುರ್ಚಿ

ಫೆಲ್ಥಮ್‌ನಲ್ಲಿ, ಏರ್‌ಪೋರ್ಟಿನ ಗೋದಾಮುಗಳ ನಡುವೆ, ಕಿಟಕಿಯಿಲ್ಲದ ಒಂದು ಕೋಣೆ. ಅಲ್ಲಿ ಸಿನಿಮಾಗಳಿಗಾಗಿ ಗೊಂಬೆಗಳನ್ನು ನಡೆಸುವುದು ನನ್ನ ಕೆಲಸ. ನಡೆಸುವುದು ಅಂದರೆ ಕೂದಲೆಳೆಯಷ್ಟು ಸರಿಸು, ಫೋಟೋ ತೆಗೆ, ಮತ್ತೆ ಸರಿಸು, ಮತ್ತೆ ಫೋಟೋ. ಇಡೀ ದಿನ ಬೆನ್ನು ಮುರಿದುಕೊಂಡರೆ ಗೊಂಬೆ ನಾಲ್ಕು ಹೆಜ್ಜೆ ಇಟ್ಟಿರುತ್ತದೆ. ಹೌನ್ಸ್ಲೋದ ಮನೆಗೆ ಬಸ್ಸಿನಲ್ಲಿ ತೂಕಡಿಸುತ್ತ ಬಂದರೆ ಗಂಡ, "ಇವತ್ತು ಎಲ್ಲಿಗೆ ಬಂತು ನಿನ್ನ ಸವಾರಿ?" ಅಂತ ಚುಡಾಯಿಸುತ್ತಾನೆ. ನಗುವುದಕ್ಕೂ ತ್ರಾಣ ಇರುವುದಿಲ್ಲ.

ಈ ವರ್ಷ ಬಂದದ್ದು ಎಸ್ಟೋನಿಯಾದ ಸಿನಿಮಾ. ಬಾಲ್ಟಿಕ್ ಕಡೆಯವರಿಗೆ ಗೊಂಬೆ ಸಿನಿಮಾ ಅಂದರೆ ಮಕ್ಕಳಾಟವಲ್ಲ. ಮುಪ್ಪು, ಚಳಿ, ಸಾವು ಎಲ್ಲವನ್ನೂ ಗೊಂಬೆಗಳ ಕೈಲಿ ಹೇಳಿಸುತ್ತಾರೆ. ನಿರ್ದೇಶಕಿಗೆ ಎಪ್ಪತ್ತು ದಾಟಿತ್ತು. ಗೊಂಬೆ ಅವರ ತೀರಿಹೋದ ತಾಯಿಯ ರೂಪದ್ದು; ಅದರ ತಲೆವಸ್ತ್ರವನ್ನು ಆ ತಾಯಿಯ ಹಳೇ ವಸ್ತ್ರದಿಂದಲೇ ಕತ್ತರಿಸಿದ್ದರು. ಸಂಧಿವಾತದಿಂದ ನಿರ್ದೇಶಕಿಯ ಬೆರಳು ಸೆಟೆದುಕೊಂಡಿದ್ದವು, ಹಾಗಾಗಿ ಕೊನೇ ಶಾಟ್ ನನ್ನ ಪಾಲಿಗೆ ಬಂತು. ಮುದುಕಿ ಬಾಗಿಲಿಂದ ಬಂದು ಒಲೆಯ ಪಕ್ಕದ ಕುರ್ಚಿಯಲ್ಲಿ ಕೂರಬೇಕು, ಅಷ್ಟೇ. ಶನಿವಾರ ಗೊಂಬೆ ಅವರ ಊರಾದ ಟಾಲಿನ್‌ಗೆ ವಾಪಸ್ಸು. ಅಷ್ಟರೊಳಗೆ ಶಾಟ್ ಮುಗಿಯದಿದ್ದರೆ ಸಿನಿಮಾದಲ್ಲಿ ಅವಳು ಕೂರುವುದೇ ಇಲ್ಲ.

ಗುರುವಾರ ಅವ್ವನನ್ನೂ ಕರೆದುಕೊಂಡು ಹೋದೆ. ಧಾರವಾಡದಿಂದ ಬಂದು ತಿಂಗಳಾಗಿತ್ತು. ಹಿಂದಿನ ವಾರ ತಲೆ ತಿರುಗಿ ಬಿದ್ದಿದ್ದಳು. ಒಬ್ಬರನ್ನೇ ಬಿಡಬೇಡಿ ಎಂದಿದ್ದರು ಡಾಕ್ಟರು. ಗಂಡನಿಗೆ ಡ್ಯೂಟಿ. "ಏನೂ ಮುಟ್ಟಬ್ಯಾಡವ್ವಾ, ಇಲ್ಲೇ ಗ್ವಾಡಿ ಹತ್ರ ಇರು" ಅಂದೆ. ಅವ್ವ ದೂರದಿಂದಲೇ ಗೊಂಬೆಯನ್ನು ನೋಡಿ, "ಮುದುಕಿ ಭಾಳ ದಣದಾಳ" ಅಂದಳು. ನಾನು ಫೋಟೋ ಎಣಿಸುತ್ತಲೇ ಇದ್ದೆ. ಮಾತಾಡಿದರೆ ಲೆಕ್ಕ ತಪ್ಪುತ್ತದೆ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಗೊಂಬೆ ಕುರ್ಚಿಯ ಹತ್ತಿರ ಬಂದಿತ್ತು. ಫೋಟೋ ಸರಿಬಂತೋ ಇಲ್ಲವೋ ಅಂತ ನಾನು ಪರದೆಯತ್ತ ತಿರುಗಿದೆ. ಅವ್ವ ಹತ್ತಿರದಿಂದ ನೋಡಲು ಬಂದಳು, ಅವಳ ಕಾಲು ಗೊಂಬೆ ನಿಂತಿದ್ದ ಮೇಜಿಗೆ ತಾಕಿತು. ನೆಲಕ್ಕೆ ಬಿಗಿದ ಮೇಜು, ಅಲುಗಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅವ್ವ ಬಗ್ಗಿ ಗೊಂಬೆಯ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಬಳೆ ತಲೆವಸ್ತ್ರಕ್ಕೆ ಸಿಕ್ಕಿ, ಮುದುಕಿಯ ಕುತ್ತಿಗೆ ಹಿಂದಕ್ಕೆ ಹೊರಳಿತು.

ಹೀಗಾದರೆ ಶಾಟ್ ಕೆಟ್ಟಿತು ಅಂತಲೇ ಅರ್ಥ. ತಲೆಯನ್ನು ಮೊದಲಿದ್ದ ಹಾಗೇ ಇಡಲು ಯಾರಿಂದಲೂ ಆಗುವುದಿಲ್ಲ. ಪರದೆಯ ಮೇಲೆ ಗೊಂಬೆ ಬೆಚ್ಚಿಬಿದ್ದಂತೆ ಕಾಣುತ್ತದೆ.

"ಏನ್ ಮಾಡಿದೆವ್ವಾ?" ಅಂದೆ. ಸಿಟ್ಟಿಗಿಂತ ಮೊದಲು ಅಳು ಬಂತು.

"ಕಾಲು ತಾಕಿತಲ್ಲವಾ. ಹಿರೇ ಮನುಷ್ಯಾಳು. ಹಂಗಽ ಬಿಡ್ಲಿಕ್ಕೆ ಬರತದೇನು?"

ನನ್ನ ದನಿ ಕೇಳಿ ಒಳಗೆ ಬಂದ ನಿರ್ದೇಶಕಿ ಏನೆಂದು ಕೇಳಿದರು. ಹಿರಿಯರಿಗೆ ಕಾಲು ತಾಕಿದರೆ ನಮ್ಮಲ್ಲಿ ಹೀಗೆ ಮುಟ್ಟಿ ಕ್ಷಮೆ ಕೇಳುತ್ತೇವೆ ಅಂತ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಆ ಸೆಟೆದ ಬೆರಳುಗಳಿಂದಲೇ ಗೊಂಬೆಯ ಕುತ್ತಿಗೆ ನೇರ ಮಾಡಲು ನೋಡಿದರು, ಆಗಲಿಲ್ಲ.

"ನಮ್ಮಮ್ಮ ಕೂತದ್ದನ್ನು ನಾನು ನೋಡೇ ಇಲ್ಲ" ಅಂದರು. "ಫ್ಯಾಕ್ಟರಿ, ಆಮೇಲೆ ಅಡುಗೆಮನೆ. ಊಟವೂ ನಿಂತುಕೊಂಡೇ. ಅವಳನ್ನು ಒಂದು ಸಲ ಕೂರಿಸಬೇಕು ಅಂತಲೇ ಇಷ್ಟೆಲ್ಲ ಮಾಡಿದ್ದು. ನಾಳೆ ಒಂದು ದಿನ ಇದೆ. ಮೊದಲಿಂದ ಮಾಡ್ತೀಯಾ?"

ಆಗಲ್ಲ ಅನ್ನೋಣ ಅನಿಸಿತು. ನಿಜವಾಗಿಯೂ ಸಾಕಾಗಿತ್ತು. ಸೊಂಟ ನೋಯುತ್ತಿತ್ತು, ಕಣ್ಣು ಉರಿಯುತ್ತಿದ್ದವು. ಮಾತು ಬಾಯಿಗೆ ಬರುವ ಮೊದಲು ಅವ್ವನ ಕಡೆ ನೋಡಿದೆ. ಅವಳು ಮತ್ತೆ ಗೋಡೆ ಹತ್ತಿರ ಹೋಗಿ, ಬಳೆ ಕಾಣದಂತೆ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಬೆಳಗ್ಗೆಯಿಂದ ನಿಂತೇ ಇದ್ದಳು. ತಲೆ ತಿರುಗುತ್ತದೆ ಅಂತಲೇ ಅವಳನ್ನು ಜೊತೆಗೆ ಕರೆತಂದಿದ್ದೆ.

"ಕುಂಡ್ರವ್ವಾ."

"ಎಲ್ಲೆ ಕುಂಡರಲಿ?"

ಸುತ್ತ ನೋಡಿದೆ. ಗೊಂಬೆಯದು ಬಿಟ್ಟರೆ ಆ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರ ಮೇಲೆ ನಾನು ಕೂತಿದ್ದೆ.

ಎದ್ದು ಅವಳಿಗೆ ಕೊಟ್ಟೆ. ಶುಕ್ರವಾರವೂ ಅವ್ವ ಅದರಲ್ಲೇ ಕೂತಳು; ಸಂಜೆ ಗೊಂಬೆ ಕೂತಿತು. ಎರಡನೇ ಸಲದ ಆ ಶಾಟನ್ನು ಪೂರ್ತಿ ನಾನು ನಿಂತುಕೊಂಡೇ ಮಾಡಿದೆ.