ಸೆರಗಿನ ಗಂಟಿನ ಬತ್ತಾಸು

ಮೊನ್ನೆ ದಕ್ಷಿಣೇಶ್ವರದ ಕಾಳಿ ಗುಡಿಯ ಹೊರಗೆ ಪೂಜೆಯ ಬುಟ್ಟಿ ಕೊಂಡಾಗ ಅಂಗಡಿಯವನು ಹೂವಿನ ಪಕ್ಕ ನಾಲ್ಕು ಸಕ್ಕರೆ ಬತ್ತಾಸು ಇಟ್ಟ. ದರ್ಶನ ಮುಗಿಸಿ ಒಂದನ್ನು ಬಾಯಿಗೆ ಹಾಕಿಕೊಂಡೆ. ಅದು ಕರಗುವಷ್ಟರಲ್ಲಿ ಮೂರನೇ ಮಹಡಿಯ ಅಕ್ಕ ನೆನಪಾದರು... ಅಷ್ಟು ಜನರ ನಡುವೆ ನನ್ನ ಮುಖ ಸಣ್ಣದಾಯಿತು.

ಆಗ ನಾವು ಇದೇ ಊರಿನ ಬ್ಯಾಂಕ್ ಕ್ವಾರ್ಟರ್ಸಿನಲ್ಲಿದ್ದೆವು. ಅಕ್ಕನೂ ನಮ್ಮಂತೆ ಕುಂದಾಪುರದ ಕಡೆಯವರು. ಅವರಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಂಡರೆ ಅರ್ಧ ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಬೀಳಲೇಬೇಕಿತ್ತು. ಒಂದೇ ಸೌಟು ಅನ್ನ, ಬೇಕಾದಷ್ಟು ಪಲ್ಯ, ಸಂಜೆ ಓಣಿಯಲ್ಲಿ ನಾಲ್ಕು ಸುತ್ತು ನಡಿಗೆ. ಶುಗರ್ ಇಳಿದರೆ ಬೇಕಾಗುತ್ತದೆಂದು ಸೆರಗಿನ ತುದಿಯಲ್ಲಿ ಎರಡು ಬತ್ತಾಸು ಗಂಟು ಹಾಕಿಕೊಂಡಿರುತ್ತಿದ್ದರು.

"ಸಿಹಿ ಬೇಡ ಅಂತೀರಿ, ಸೆರಗಲ್ಲಿ ಕಟ್ಕೊಂಡು ತಿರುಗ್ತೀರಿ!" ಎಂದು ಗೇಲಿ ಮಾಡುತ್ತಿದ್ದೆ.

"ಅದು ತಿಂಡಿ ಅಲ್ಲ ಮಾರಾಯ್ತಿ, ಮದ್ದು" ಎನ್ನುತ್ತಿದ್ದರು.

ಆ ವರ್ಷ ಕೆಳಗಿನ ಹಾಲ್‌ನಲ್ಲಿ ನಡೆದ ಚೌತಿಯ ಪೂಜೆಗೆ ನನ್ನದೇ ಯಜಮಾನಿಕೆ. ಹನ್ನೆರಡೂವರೆಗೆ ಅಕ್ಕ ಬಂದು, "ಊಟ ಒಂದು ಗಂಟೆಗೆ ಹೌದಲ್ವಾ? ಸೂಜಿ ಚುಚ್ಕೊಳ್ಳಲಾ?" ಎಂದು ಕೇಳಿದರು. ಬಾಳೆಲೆ ಒರೆಸುತ್ತಿದ್ದ ನಾನು ತಲೆ ಎತ್ತದೆ, "ಖಂಡಿತ ಅಕ್ಕ" ಎಂದೆ. ಅವರು ಮನೆಗೆ ಹೋಗಿ ಚುಚ್ಚಿಕೊಂಡು ರೇಷ್ಮೆ ಸೀರೆ ಉಟ್ಟು ಬಂದರು. ಹೊಸ ಸೀರೆಯ ಸೆರಗಿಗೆ ಗಂಟು ಹಾಕಿರಲಿಲ್ಲ.

ಅಷ್ಟರಲ್ಲಿ ನಮ್ಮವರ ದೊಡ್ಡ ಸಾಹೇಬರು ಅಲಿಪುರದ ಮನೆಯಿಂದ ಹೊರಟಿದ್ದಾರೆಂದು ಫೋನ್ ಬಂತು. ಅವರು ಬಂದ ಮೇಲೆಯೇ ನೈವೇದ್ಯ, ಮಂಗಳಾರತಿ ಆಗಲಿ ಎಂದು ನಾನೇ ಭಟ್ಟರನ್ನು ತಡೆದೆ. ಒಂದೂವರೆ ದಾಟಿತು. ಅಕ್ಕ ಅಡುಗೆಯವರಿದ್ದ ಕಡೆ ಬಂದರು. ಹಣೆಯೆಲ್ಲ ಬೆವರು. ಪಂಚಕಜ್ಜಾಯದ ಪಾತ್ರೆಗೆ ಕೈ ಚಾಚಿದರು. ಆ ಕೈ ನಡುಗುತ್ತಿತ್ತು. ನಾನು ಅದನ್ನು ನೋಡಿದ್ದೆ. ನೋಡಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಅಷ್ಟೇ.

"ಅಯ್ಯೋ ಅಕ್ಕ, ನೈವೇದ್ಯ ಆಗ್ಲಿಲ್ಲ! ಶುಗರ್ ಇದ್ದವರಿಗೆ ಸಿಹಿ ಕಂಡ್ರೆ ಇಷ್ಟು ಆಸೆಯಾ?"

ಹೆಂಗಸರೆಲ್ಲ ನಕ್ಕರು. ಎಲುಬಿಲ್ಲದ ನಾಲಿಗೆ... ಸಾಹೇಬರಿಗಾಗಿ ದೇವರನ್ನೇ ಕಾಯಿಸಿದವಳು ನಾನು, ಅಕ್ಕನಿಗೆ ದೇವರ ನೇಮ ಹೇಳಿದೆ! ಅವರು ಕೈ ಹಿಂದಕ್ಕೆ ತೆಗೆದುಕೊಂಡು, ಮನೆಯಲ್ಲಿದ್ದ ಬತ್ತಾಸು ತರಲು ಮೆಟ್ಟಿಲ ಕಡೆ ನಡೆದರು. ಎರಡನೇ ಮಹಡಿಯ ತಿರುವಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದರು. ಬಲಗೈ ಮುರಿಯಿತು.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟರು. ಇನ್ಸುಲಿನ್ ತೆಗೆದುಕೊಂಡು ಊಟ ಏಕೆ ಮಾಡಲಿಲ್ಲ ಎಂದು ಡಾಕ್ಟರು ಕೇಳಿದರು. ಅಕ್ಕ ಬಾಯಿ ತೆರೆಯುವ ಮೊದಲೇ ನಾನು, ಪೂಜೆಗೆಂದು ಉಪವಾಸವಿದ್ದರು, ಯಾರು ಹೇಳಿದರೂ ಕೇಳಲಿಲ್ಲ ಎಂದೆ. ಅಕ್ಕ ನನ್ನನ್ನೊಮ್ಮೆ ನೋಡಿದರು. ಆಮೇಲೆ ಡಾಕ್ಟರಿಗೆ ಹೌದೆಂದು ತಲೆಯಾಡಿಸಿದರು. ಡಾಕ್ಟರು ಅವರಿಗೇ ಬೈದರು.

ಮರುವರ್ಷದ ಚೌತಿಗೆ ಅಕ್ಕ ಮನೆಯಲ್ಲೇ ಉಂಡು ಬಂದು ಕೊನೆಯ ಸಾಲಿನಲ್ಲಿ ಕೂತರು. ಅವರ ಮನೆಯವರಿಗೆ ವರ್ಗವಾಗಿ ಅಕ್ಕ ಊರಿಗೆ ಹೊರಟ ದಿನ ತಪ್ಪಾಯಿತೆಂದು ಹೇಳಲು ಮೂರು ಮಹಡಿ ಹತ್ತಿ ಹೋದೆ. "ಚಾ ಕುಡಿತೀಯಾ?" ಎಂದರು. ಕುಡಿದೆ. ಇಳಿದು ಬಂದೆ... ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಕ್ವಾರ್ಟರ್ಸಿನವರ ವಾಟ್ಸಾಪ್ ಗುಂಪಿಗೆ ಬಂತು. ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು, ನಾನೂ ಹಾಕಿದೆ.

ಈಗ ನನಗೂ ಶುಗರ್. ನಾನೂ ಊಟಕ್ಕೆ ಮುಂಚೆ ಚುಚ್ಚಿಕೊಳ್ಳುತ್ತೇನೆ, ನನ್ನ ಕೈಚೀಲದಲ್ಲೂ ಬತ್ತಾಸು ಇರುತ್ತದೆ. ಈ ಸಲದ ಚೌತಿಯಲ್ಲಿ ಮಂಗಳಾರತಿ ತಡವಾಯಿತು, ನನಗೆ ಕೈ ನಡುಕ ಬಂತು. ದೇವರೆದುರೇ ಒಂದು ಬತ್ತಾಸು ಬಾಯಿಗೆ ಹಾಕಿಕೊಂಡೆ. ಪಕ್ಕದಲ್ಲಿದ್ದ ಹುಡುಗಿ, "ಕೂತ್ಕೊಳ್ಳಿ ಆಂಟಿ" ಎಂದು ಕುರ್ಚಿ ಎಳೆದುಕೊಟ್ಟಳು. ಯಾರೂ ನಗಲಿಲ್ಲ.