ಎಡಗೈಯ ರೊಟ್ಟಿ

"ಇಕಿ ನಮ್ಮ ಗಂಗಿ ಅಲ್ಲೇನ?" ಎನ್ನುತ್ತ ಅಜ್ಜಿಯೊಬ್ಬರು ಆ ಚಿತ್ರದ ಮುಂದೆ ನಿಂತುಬಿಟ್ಟರು. ಚಿತ್ರದಲ್ಲಿದ್ದ ಹೆಂಗಸಿನ ಮುಖವೇ ಕಾಣುತ್ತಿರಲಿಲ್ಲ. ನಮಗೆ ಬೆನ್ನು ಮಾಡಿ, ಒಂದು ಮೊಣಕಾಲು ಎತ್ತಿ ಕೂತು, ಎಡಗೈಯಿಂದ ರೊಟ್ಟಿ ಬಡಿಯುತ್ತಿದ್ದಳು. ಕೆಳಗೆ 'ಅವ್ವ' ಎಂದಷ್ಟೇ ಇತ್ತು.

ಅಥಣಿಯ ಶಾಲೆಯೊಂದರಲ್ಲಿ ಪಾಲಬಾವಿಯ ಚಿತ್ರಕಲಾ ಮಾಸ್ತರರು ತಮ್ಮ ಮನೆಯವರ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟಿದ್ದರು. ಅವರು ಐದು ವರ್ಷದವರಿದ್ದಾಗಲೇ ತಾಯಿ ಗಂಗವ್ವ ತೀರಿಕೊಂಡಿದ್ದರು. ಮನೆಯಲ್ಲಿ ಆಕೆಯ ಒಂದು ಫೋಟೊ ಕೂಡ ಇಲ್ಲ. ಮುಖ ನೆನಪಿಲ್ಲ, ಅದಕ್ಕೇ ಬೆನ್ನು ಬರೆದೆ ಎಂದು ಪ್ರದರ್ಶನದ ಬಗ್ಗೆ ಬರೆಯಲು ಹೋಗಿದ್ದ ನನಗೆ ಅವರು ಹೇಳಿದ್ದರು. ಬೆಳಿಗ್ಗೆಯಿಂದ ನೋಡಿದ ಹೆಂಗಸರೆಲ್ಲ, "ಕೈ ತಪ್ಪೇತ್ರಿ ಸರ, ನೀವು ಯಾವತ್ತೂ ರೊಟ್ಟಿ ಬಡದಿಲ್ಲ ಕಾಣತೈತಿ" ಎಂದು ನಕ್ಕು ಹೋಗಿದ್ದರು. ತಮ್ಮ ನೆನಪೇ ಸುಳ್ಳಿರಬೇಕೆಂದು ಮಾಸ್ತರರು ಸಂಜೆ ಆ ಕೈ ತಿದ್ದಲು ಬಣ್ಣ ತರಿಸಿಟ್ಟಿದ್ದರು.

"ಗಂಗವ್ವ ನಿಮಗ ಗೊತ್ತೇನ್ರಿ?" ಎಂದು ಅವರು ಅಜ್ಜಿಯನ್ನು ಕೇಳಿದರು.

"ಅಕ್ಕೋಳದಾಗ ಒಂದ ಓಣ್ಯಾಗ ಬೆಳದೇವ್ರಿ. ಎಡಗೈಲೆ ಬಡೀತಾಳಂತ ಅವರವ್ವ ಎಷ್ಟ ಬೈದರೂ ಬಿಡಲಿಲ್ಲ, ಹಟಮಾರಿ. ನೀವು ಆಕಿಗೆ ಏನಾಗಬೇಕ್ರಿ?"

ಮಾಸ್ತರರು ಅಜ್ಜಿಗೆ ಕುರ್ಚಿ ತಂದು ಹಾಕಿದರು. ತಾವು ಕಾಗದ, ಪೆನ್ಸಿಲ್ ಹಿಡಿದು ಅವರ ಕಾಲ ಬಳಿ ನೆಲದ ಮೇಲೆ ಕೂತರು.

"ನಮ್ಮವ್ವನ ಮಾರಿ ಹೆಂಗಿತ್ತ ಹೇಳ್ರಿ ದೊಡ್ಡವ್ವಾ."

ತಿದ್ದಲು ತಂದ ಬಣ್ಣದ ಡಬ್ಬಿಯ ಮುಚ್ಚಳ ತೆರೆಯಲೇ ಇಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ 'ಕೈ ತಪ್ಪಾಗಿದೆ' ಎಂದು ನಾನೂ ಬರೆದುಕೊಂಡಿದ್ದೆ. ಆ ಸಾಲು ಹೊಡೆದುಹಾಕಿ, 'ಗಂಗವ್ವ, ಅಕ್ಕೋಳ' ಎಂದು ಬರೆದೆ.